30 ಬೇಡ, 27 ಕೊಡಿ

2025ರ ಮೇ ತಿಂಗಳ ಮೊದಲ ವಾರ. ಬೆಳಗ್ಗೆ ಏಳೂವರೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಾವು ದಿನಾ ಸೇರುವ ಚಹಾದಂಗಡಿಯ ಕಟ್ಟೆ ಮೇಲೆ ಸಾಹುಕಾರ್ರು ಪೇಡೆ ಡಬ್ಬಿ ಬಿಚ್ಚಿದರು. ಸಾಹುಕಾರ್ರು ಅಂದರೆ ಒಂದು ಕಲ್ಯಾಣ ಮಂಟಪದ ಮಾಲೀಕರು. ಅವರು ಯಾರಿಗಾದರೂ ಏನಾದರೂ ಪುಕ್ಕಟೆ ಕೊಟ್ಟಿದ್ದನ್ನು ಹದಿನೈದು ವರ್ಷದಲ್ಲಿ ನಾನು ನೋಡಿಲ್ಲ. ಮಗನ ಮದುವೆ ಗೊತ್ತಾಗಿರಬೇಕು, ಅದೂ ಬೀಗರ ಖರ್ಚಲ್ಲಿ ಅಂದುಕೊಂಡೆ.

"ಏನ್ ಸಮಾಚಾರ ಸಾಹುಕಾರ್ರ?"

"ಆ್ಯಪಲ್ ಸೋತೈತಿ ನೋಡ್ರಿ! ಕ್ಯಾಲಿಫೋರ್ನಿಯಾದಾಗ! ಬಾಯಿ ಸಿಹಿ ಮಾಡ್ಕೋರಿ."

ಅಮರಗೋಳ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ ಇಟ್ಟಿರುವ ಕಾಕಾ ಗಾಬರಿಯಾದರು. "ರೇಟ್ ಎಷ್ಟಕ್ಕ ಬಿತ್ತೋ? ನಿನ್ನೆ ಒಂದು ಲೋಡ್ ಇಳಿಸೀನಿ!" ಹಣ್ಣಲ್ಲ, ಫೋನು ಎಂದು ಬಿಡಿಸಿ ಹೇಳಿದ ಮೇಲೆ ಅವರ ಉಸಿರು ಜಾಗಕ್ಕೆ ಬಂತು. ಎರಡು ಪೇಡೆ ತೆಗೆದುಕೊಂಡರು.

ಕಟ್ಟೆ ಮೇಲೆ ಐದು ಜನ ಇದ್ದೆವು. ಐದು ಜನಕ್ಕೆ ಸೇರಿ ಐಫೋನ್ ಇದ್ದದ್ದು ಒಂದು. ಅದು ಆ್ಯಪ್ ಮಾಡುವ ನಮ್ಮ ತಮ್ಮನ ಮಗನದು. ಅದರಲ್ಲೂ ಏಳು ಕಂತು ಬಾಕಿ. ಸಾಹುಕಾರ್ರ ಕೈಯಲ್ಲಿದ್ದದ್ದು ಎರಡು ಸಿಮ್ಮಿನ ಅಗ್ಗದ ಫೋನು, ಅದರ ಪರದೆಗೆ ಅಡ್ಡಡ್ಡ ಬಿರುಕು. ಆ ಬಿರುಕಿನ ಮೂಲಕವೇ ಅವರು ಅಮೆರಿಕದ ನ್ಯಾಯ ವ್ಯವಸ್ಥೆಯನ್ನು ನೋಡಿ ಕಣ್ಣು ತುಂಬಿಕೊಂಡಿದ್ದರು.

"ಮೂವತ್ತು ಪರ್ಸೆಂಟ್ರೀ! ಯಾರೋ ಹುಡುಗ್ರು ಕಷ್ಟಪಟ್ಟು ಆ್ಯಪ್ ಮಾಡೋದು, ಇವ ಕುಂತಲ್ಲೇ ಮೂವತ್ತು ಹೊಡಿಯೋದು. ಅಂಗಡಿ ನಂದು ಅಂತ ಹೇಳಿ ಲೂಟಿ ಮಾಡೋದು ಯಾವ ನ್ಯಾಯ?"

ಎಲ್ಲರೂ ಹೌದ್ಹೌದು ಅಂದರು. ಕಾಕಾ ಎಲ್ಲರಿಗಿಂತ ಜೋರಾಗಿ ಅಂದರು.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಆ್ಯಪಲ್ ತನ್ನ ಆ್ಯಪ್ ಅಂಗಡಿ ತೆರೆದದ್ದು 2008ರ ಜುಲೈನಲ್ಲಿ. ಅವತ್ತಿನಿಂದ ಅಲ್ಲಿ ಮಾರಾಟವಾಗುವ ಮಾಲಿಗೆ ಸಾಮಾನ್ಯವಾಗಿ ನೂರಕ್ಕೆ 30 ದಲಾಲಿ. ಎಪಿಕ್ ಅನ್ನೋ ಕಂಪನಿಗೆ ಫೋರ್ಟ್‌ನೈಟ್ ಅನ್ನೋ ಆಟ ಇದೆ. ನಮ್ಮ ಹುಡುಗರಿಗೆ ಪಬ್ಜಿ ಇದ್ದಂತೆ ಅಲ್ಲಿನ ಹುಡುಗರಿಗೆ ಅದು. 2020ರ ಆಗಸ್ಟ್ 13ಕ್ಕೆ ಎಪಿಕ್‌ನವರು ಆಟದೊಳಗೇ ಇನ್ನೊಂದು ಗಲ್ಲಾಪೆಟ್ಟಿಗೆ ಇಟ್ಟರು. ಆ್ಯಪಲ್ ಮೂಲಕ ಕೊಟ್ಟರೆ 9.99 ಡಾಲರ್, ನಮಗೇ ಕೊಟ್ಟರೆ 7.99. ಆ್ಯಪಲ್ ಅವತ್ತೇ ಆಟವನ್ನು ಅಂಗಡಿಯಿಂದ ಎತ್ತಿ ಹೊರಗೆ ಹಾಕಿತು. ಎಪಿಕ್ ಅವತ್ತೇ ಕೋರ್ಟಿಗೆ ಹೋಯಿತು. ಫಿರ್ಯಾದಿ ಮೊದಲೇ ಬರೆದು ಜೇಬಲ್ಲಿ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. ಕೆಣಕೋದಕ್ಕೆ ಮುಂಚೆ ವಕೀಲರನ್ನು ಗೊತ್ತು ಮಾಡಿಕೊಳ್ಳುವ ಪದ್ಧತಿ ನಮ್ಮ ಹೊಲದ ಬದುವಿನ ಜಗಳದಲ್ಲೂ ಇದೆ.

ಎಪಿಕ್ ಯಜಮಾನರ ಹೆಸರು ಟಿಮ್ ಸ್ವೀನಿ. ಆಗಿನ ಆ್ಯಪಲ್ ಯಜಮಾನರ ಹೆಸರು ಟಿಮ್ ಕುಕ್. ಇದರಿಂದ ಕಟ್ಟೆ ಮೇಲೆ ಅರ್ಧ ಗಂಟೆ ಗೊಂದಲ. "ಟಿಮ್ ಗೆದ್ದ" ಅಂದರೆ "ಯಾವ ಟಿಮ್?" ಅನ್ನೋದು. ಕೊನೆಗೆ ಕಾಕಾ "ಮಾಲಿನ ಟಿಮ್, ದಲಾಲಿ ಟಿಮ್" ಅಂತ ಭಾಗ ಮಾಡಿದರು. ವಿಷಯ ಸಲೀಸಾಯಿತು. ಇಬ್ಬರೂ ಕೋಟಿ ಕೋಟಿ ಡಾಲರಿನ ಕುಳಗಳು. ನಮ್ಮವರು ಮಾತ್ರ ಮಾಲಿನ ಟಿಮ್‌ನನ್ನು ಸಾಲ ಮಾಡಿ ಬಿತ್ತಿದ ರೈತ ಅಂತಲೇ ತಿಳಿದು ಮರುಗಿದರು.

2021ರ ಸೆಪ್ಟೆಂಬರಿನಲ್ಲಿ ಓಕ್ಲಂಡಿನ ನ್ಯಾಯಾಧೀಶೆ ಇವೋನ್ ಗೊಂಜಾಲೆಜ್ ರಾಜರ್ಸ್ ತೀರ್ಪು ಕೊಟ್ಟರು. ಹತ್ತು ಆರೋಪಗಳಲ್ಲಿ ಒಂಬತ್ತರಲ್ಲಿ ಆ್ಯಪಲ್ ಗೆದ್ದಿತು. ಸೋತದ್ದು ಒಂದರಲ್ಲಿ. ಹೊರಗೆ ಕಡಿಮೆ ರೇಟಿಗೆ ಸಿಗುತ್ತದೆ ಅಂತ ಆ್ಯಪಿನವರು ಗಿರಾಕಿಗೆ ಹೇಳುವುದನ್ನು ನೀವು ತಡೆಯಬಾರದು ಅಂತ ಕೋರ್ಟ್ ಅಂದಿತು. 2024ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಈಗ ಆ್ಯಪಲ್‌ಗೆ ಆಜ್ಞೆ ಪಾಲಿಸದೆ ಗತಿಯಿಲ್ಲ.

ಪಾಲಿಸಿತು. ಆಯಿತು, ಹೊರಗಿನ ಅಂಗಡಿಗೆ ದಾರಿ ತೋರಿಸಿ, ನಮ್ಮದೇನೂ ಅಭ್ಯಂತರವಿಲ್ಲ. ಆದರೆ ಆ ದಾರಿಯಲ್ಲಿ ಹೋದ ಗಿರಾಕಿ ಏಳು ದಿನದೊಳಗೆ ಅಲ್ಲಿ ಏನು ಕೊಂಡರೂ ನಮಗೆ ನೂರಕ್ಕೆ 27 ಕೊಡಿ.

ಇಷ್ಟು ಹೇಳುತ್ತಿದ್ದಂತೆ ಕಾಕಾ ಚಹಾದ ಗ್ಲಾಸು ಕೆಳಗಿಟ್ಟರು. ಮೂವತ್ತು ವರ್ಷ ಒಂದೇ ಕಸುಬು ಮಾಡಿದವನು ತನಗಿಂತ ದೊಡ್ಡ ಕಸುಬುದಾರನ ಕೈಚಳಕ ಕಂಡಾಗ ಮುಖ ಹೇಗಾಗುತ್ತದೋ ಹಾಗಾಗಿತ್ತು.

"ಇಪ್ಪತ್ತೇಳು? ಅವನ ಅಂಗಡ್ಯಾಗ ಮಾಲು ಮಾರದಿದ್ರೂ?"

"ಹೌದು ಕಾಕಾ."

"ಕೋರ್ಟ್ ಹೇಳಿದ ಮ್ಯಾಲೂ?"

"ಹೇಳಿದ ಮೇಲೇ. ಅದಕ್ಕೇ ಮೂರು ಕಡಿಮೆ ಮಾಡಿದ್ದು."

"ಆ ಇಪ್ಪತ್ತೇಳು ಯಾರ ತಲ್ಯಾಗ ಹೊಳೀತು, ಅವನ ಪಾದ ಎಲ್ಲೈತಿ ತೋರಸ್ರೋ."

ಕಾಕಾನ ಭಕ್ತಿಗೆ ಕಾರಣ ಇದೆ. ಕಾನೂನಿನ ಪ್ರಕಾರ ಎಪಿಎಂಸಿಯಲ್ಲಿ ದಲಾಲಿಯನ್ನು ರೈತನಿಂದ ಹಿಡಿಯುವಂತಿಲ್ಲ. ಖರೀದಿ ಮಾಡಿದವನೇ ಕೊಡಬೇಕು. ಕಾಕಾ ಕಾನೂನು ಮೀರುವವರಲ್ಲ. ಅವರ ಪಕ್ಕಾ ರಸೀದಿಯಲ್ಲಿ ರೈತನ ಹೆಸರಿನ ಮುಂದೆ ದಲಾಲಿ ಸೊನ್ನೆ. ಆದರೆ ಅದರ ಹಿಂದೆ ಒಂದು ಬಿಳಿ ಚೀಟಿ ಇರುತ್ತದೆ. ಅದರಲ್ಲಿ ಹಮಾಲಿ, ತೂಕ, ಸೂಟು ಅಂತ ತೂಕದಲ್ಲಿ ಕಡಿತ, ಗಾಡಿ ಬಾಡಿಗೆ, ಯಾವುದೋ ದೇವಸ್ಥಾನದ ಪಟ್ಟಿ. ಉಳ್ಳಾಗಡ್ಡಿ ತಂದ ರೈತ ಆ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, ಅಂಗಿ ಜೇಬಿಗೆ ಹಾಕಿಕೊಂಡು, ಚಿಗರಿ ಬಸ್ ಹತ್ತುತ್ತಾನೆ. ಅವನ ಪರವಾಗಿ ಈ ಕಟ್ಟೆ ಮೇಲೆ ಇವತ್ತಿನವರೆಗೆ ಯಾರೂ ಪೇಡೆ ಹಂಚಿಲ್ಲ. ಓಕ್ಲಂಡಿನಲ್ಲಿ ತೀರ್ಪು ಬರಬೇಕಾಯಿತು.

ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಮಾಮಾ ಅಲ್ಲಿವರೆಗೆ ಸುಮ್ನೆ ಟೋಸ್ಟ್ ಅದ್ದಿ ತಿನ್ನುತ್ತಿದ್ದರು. "ತೀರ್ಪು ಓದೀರೇನು ಯಾರರೆ?" ಅಂದರು. 80 ಪುಟ. ಯಾರೂ ಓದಿರಲಿಲ್ಲ. ಸಾಹುಕಾರ್ರು ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಫೋಟೋ ನೋಡಿ ಒಂದು ಕೆಜಿ ಪೇಡೆ ತಂದಿದ್ದರು.

ಮಾಮಾ ಓದಿದ್ದರು. ನಿವೃತ್ತರಾದ ಮೇಲೂ ಅವರಿಗೆ ಆ ಚಟ. 2025ರ ಏಪ್ರಿಲ್ 30ರ ಆ ಆದೇಶದಲ್ಲಿ ನ್ಯಾಯಾಧೀಶೆ, ಆ್ಯಪಲ್ ಬೇಕಂತಲೇ ಆಜ್ಞೆ ಮೀರಿದೆ, ಇದು ನ್ಯಾಯಾಂಗ ನಿಂದನೆ ಅಂದಿದ್ದಾರೆ. ಹಣಕಾಸು ವಿಭಾಗದ ಉಪಾಧ್ಯಕ್ಷರೊಬ್ಬರು ಪ್ರಮಾಣ ಮಾಡಿ ಸುಳ್ಳು ಹೇಳಿದರು ಅಂತಲೂ ಬರೆದಿದ್ದಾರೆ. ಹೊರಗಿನ ವ್ಯವಹಾರದ ಮೇಲೆ ಇನ್ನು ಒಂದು ಕಾಸೂ ಹಿಡಿಯಬೇಡಿ ಅಂದಿದ್ದಾರೆ. ಜೊತೆಗೆ ಒಂದು ಮಾತು: ಇದು ಆಜ್ಞೆ, ಚೌಕಾಸಿ ಅಲ್ಲ.

"ಚೌಕಾಸಿ ಅಲ್ಲ ಅಂದ್ರ ಏನ್ರಿ?" ಅಂತ ಕಾಕಾ ನಿಜವಾಗಿಯೂ ಅರ್ಥವಾಗದೆ ಕೇಳಿದರು. ದುರ್ಗದ ಬೈಲ್ ಮಾರ್ಕೆಟ್ಟಿನಲ್ಲಿ ಹುಟ್ಟಿ ಬೆಳೆದವರು. ಚೌಕಾಸಿ ಅಲ್ಲದ ವಸ್ತು ಲೋಕದಲ್ಲಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಸಾಹುಕಾರ್ರಿಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ಹೊರಗಿನ ಅಂಗಡಿಯ ಕೊಂಡಿ ಒತ್ತಿದರೆ ಆ್ಯಪಲ್ ಪರದೆ ತುಂಬ ಒಂದು ಎಚ್ಚರಿಕೆ ತೋರಿಸುತ್ತಿತ್ತು. ನೀವು ಹೊರಗೆ ಹೋಗುತ್ತಿದ್ದೀರಿ, ಅಲ್ಲಿನ ಖರೀದಿಯ ಸುರಕ್ಷತೆಗೆ ಆ್ಯಪಲ್ ಹೊಣೆಯಲ್ಲ ಅಂತ. 'ಹೊರಗಿನ ವೆಬ್‌ಸೈಟ್' ಅಂತ ಬರೆದರೆ ಜನ ಹೆದರುತ್ತಾರೆ, ಮೇಲಿನವರಿಗೆ ಖುಷಿಯಾಗುತ್ತದೆ ಅನ್ನೋ ಅರ್ಥದಲ್ಲಿ ಅಲ್ಲಿನ ನೌಕರರು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದೂ ಕೋರ್ಟಿನ ಕಡತದಲ್ಲಿ ಸಿಕ್ಕಿತು. ಆ ಇಪ್ಪತ್ತೇಳು, ಈ ಹೆದರಿಕೆ ಎರಡೂ ಸೇರಿ ಚೆನ್ನಾಗಿಯೇ ಕೆಲಸ ಮಾಡಿದ್ದವು. ಸುಮಾರು 1,36,000 ಆ್ಯಪ್‌ದಾರರಲ್ಲಿ 2024ರ ಮೇ ಹೊತ್ತಿಗೆ ಹೊರಗಿನ ದಾರಿಗೆ ಅರ್ಜಿ ಹಾಕಿದವರು 34 ಜನ.

"ಎಂಥಾ ಮಂದೀರಿ! ಗಿರಾಕಿನ್ನ ಹೆದರಸೋದು!" ಅಂತ ಸಾಹುಕಾರ್ರು ಇನ್ನೊಂದು ಪೇಡೆ ಮುರಿದರು.

ತಮ್ಮನ ಮಗ ಅಲ್ಲಿವರೆಗೆ ಎಲ್ಲರಿಗಿಂತ ಜಾಸ್ತಿ ಹಾರಾಡುತ್ತಿದ್ದ. "ದೊಡ್ಡಪ್ಪಾ, ನನ್ನಂಥವರ ರಕ್ತಾ ಹೀರ್ತಾರ ಇವ್ರು. ಮೂವತ್ತು ಪರ್ಸೆಂಟ್!" ಅವನದು ಪಂಚಾಂಗದ ಆ್ಯಪು. ತಿಂಗಳಿಗೆ 49 ರೂಪಾಯಿ ಚಂದಾ. ಚಂದಾದಾರರು 22 ಜನ. ಅದರಲ್ಲಿ 14 ಜನ ನಮ್ಮ ಬಳಗದವರೇ. ನಾನೂ ಒಬ್ಬ. ರಾಹುಕಾಲ ನೋಡಲಿಕ್ಕೆ ನಾನು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತೇನೆ, ಆದರೆ ತಮ್ಮನ ಹೆಂಡತಿಯ ಮುಖ ನೋಡಬೇಕಲ್ಲ.

ಫೋನು ಇಸ್ಕೊಂಡು ಲೆಕ್ಕದ ಪುಟ ತೆಗೆದೆ. ಒಟ್ಟು 1,078 ರೂಪಾಯಿ. ಹಿಡಿದದ್ದು 161 ರೂಪಾಯಿ 70 ಪೈಸೆ. ನೂರಕ್ಕೆ 15 ಅಷ್ಟೇ. ಹೀಗೆ ತಿಂಗಳ ಚಂದಾ ಹಿಡಿಯುವವರಿಗೆ ಗೂಗಲ್ 2022ರಿಂದ 15ನ್ನೇ ಹಾಕುತ್ತದೆ. ಅಂದ ಹಾಗೆ ಇವನ ಆ್ಯಪು ಇರುವುದು ಗೂಗಲ್ ಪ್ಲೇ ಸ್ಟೋರಿನಲ್ಲಿ ಮಾತ್ರ. ಆ್ಯಪಲ್ ಅಂಗಡಿಗೆ ಕಾಲಿಡಬೇಕಾದರೆ ವರ್ಷಕ್ಕೆ 99 ಡಾಲರ್ ಕೊಡಬೇಕು. ಇವನ ಹತ್ತಿರ ಅಷ್ಟು ಇಲ್ಲ. ಸೋತದ್ದು ಆ್ಯಪಲ್, ಇವನು ಇರೋದು ಗೂಗಲ್‌ನಲ್ಲಿ. ತೀರ್ಪು ಅಮೆರಿಕದ ಅಂಗಡಿಗೆ ಮಾತ್ರ, ಇವನು ಇರೋದು ವಿದ್ಯಾನಗರದಲ್ಲಿ. ಹಿಡಿಯುವುದು 15, ಇವನು ಅಳೋದು 30ಕ್ಕೆ.

ಹುಡುಗ ಸ್ವಲ್ಪ ಹೊತ್ತು ಪೆಚ್ಚಾದ. ಆಮೇಲೆ "ತತ್ವದ ಪ್ರಶ್ನೆ ದೊಡ್ಡಪ್ಪಾ" ಅಂದ.

ನಮ್ಮ ದೇಶದಲ್ಲೂ ಇದೇ ಜಗಳ ನಡೆದಿದೆ. ಅದರ ಪೇಡೆ ಮಾತ್ರ ಯಾರೂ ತಿನ್ನಲಿಲ್ಲ. 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಇದೇ ಪ್ಲೇ ಸ್ಟೋರಿನ ಪಾವತಿ ನಿಯಮದ ಬಗ್ಗೆ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಇದು ಕಾಕಾಗೆ ಅರ್ಥವಾಗುವ ಭಾಷೆ. "ಹಂಗ ಬರ್ರಿ. ಚೌಕಾಸಿ ನಮ್ಮಲ್ಲೇ ಐತಿ" ಅಂದರು.

2024ರ ಮಾರ್ಚ್ 1ಕ್ಕೆ ಶುಲ್ಕ ಕೊಟ್ಟಿಲ್ಲ ಅಂತ ಗೂಗಲ್ ನಮ್ಮ ದೇಶದ ಕೆಲವು ಆ್ಯಪ್‌ಗಳನ್ನು ಅಂಗಡಿಯಿಂದ ತೆಗೆದಾಗ, ಅದರಲ್ಲಿ ಹೆಣ್ಣು-ಗಂಡು ಹುಡುಕುವ ಆ್ಯಪ್‌ಗಳೇ ಕೆಲವು ಇದ್ದವು. ಕೇಂದ್ರ ಸಚಿವರು ನಡುವೆ ಬಂದ ಮೇಲೆ ನಾಲ್ಕಾರು ದಿನದಲ್ಲಿ ಎಲ್ಲ ವಾಪಸ್ ಬಂದವು. ಫೋನಿನಲ್ಲಿ ಮೊದಲೇ ಇದ್ದವರಿಗೆ ಏನೂ ಆಗಿರಲಿಲ್ಲ. ಆದರೆ ಸುದ್ದಿ ನೋಡಿದ ನಮ್ಮ ಅಕ್ಕ ಗದಗಿನಿಂದ ಫೋನು ಮಾಡಿ ಗೋಳೋ ಅಂತ ಅತ್ತಿದ್ದಳು. "ವರಾನೆಲ್ಲಾ ತಗದ್ರಂತೋ! ಆ ಬೆಳಗಾವಿ ಎಂಜಿನಿಯರ್ ಇದ್ನಲ್ಲ, ಅವನೂ ಹೋದ್ನೇನು?" ಎಂಜಿನಿಯರ್ ಎಲ್ಲೂ ಹೋಗಿರಲಿಲ್ಲ. ಈಗ ಅವನ ಜೊತೆಗೇ ಅಕ್ಕನ ಮಗಳ ಮದುವೆ ಗೊತ್ತಾಗಿದೆ. ಮಂಟಪ ಹುಡುಕೋ ಕೆಲಸ ನನ್ನ ತಲೆ ಮೇಲೆ ಬಂದಿತ್ತು.

ಪೇಡೆ ತಿಂದ ಋಣ. ಅವತ್ತೇ ಸಂಜೆ ಸಾಹುಕಾರ್ರ ಕಲ್ಯಾಣ ಮಂಟಪಕ್ಕೆ ಹೋದೆ.

ಗಲ್ಲಾದ ಮೇಲೆ ಬಸವಣ್ಣನವರ ದೊಡ್ಡ ಫೋಟೋ. ಅದರ ಕೆಳಗೆ ನಿಬಂಧನೆಗಳ ಬೋರ್ಡು. ಬಾಡಿಗೆ ಬೇರೆ, ಕರೆಂಟು ಬೇರೆ, ಜನರೇಟರ್ ಡೀಸೆಲ್ ಬೇರೆ, ಕಸ ಹೊಡೆಯೋದು ಬೇರೆ. ನೀರು ಬಾಡಿಗೆಯಲ್ಲೇ ಸೇರಿದೆ, ಆದರೆ ನಳ ಬಂದಿದ್ದರೆ ಮಾತ್ರ. ಇಲ್ಲದಿದ್ದರೆ ಟ್ಯಾಂಕರ್ ಬೇರೆ. ಹೂವಿನ ಅಲಂಕಾರ ನಮ್ಮವರೇ ಮಾಡುತ್ತಾರೆ. ಬ್ಯಾಂಡು ನಮ್ಮವರದೇ. ಚಪ್ಪಲಿಗೆ ನೀವೇ ಜವಾಬ್ದಾರರು.

"ಅಡುಗೆಯವರು ನಮ್ಮ ಪರಿಚಯದವರು ಇದ್ದಾರೆ ಸಾಹುಕಾರ್ರ. ಅಣ್ಣಿಗೇರಿಯವರು. ಗೋಧಿ ಹುಗ್ಗಿ ಅಂದರೆ ಅವರದೇ. ಅಕ್ಕನ ಹಟ" ಅಂದೆ.

ಸಾಹುಕಾರ್ರ ಮುಖ ಮೆತ್ತಗಾಯಿತು. "ಕರೀರಿ. ಧಾರಾಳಾಗಿ ಕರೀರಿ. ನಾ ಬ್ಯಾಡ ಅಂತೀನೇನು? ಎಲಿಗೆ ಮೂವತ್ತು ರೂಪಾಯಿ ರಾಯಲ್ಟಿ ಅಷ್ಟ."

"ಅವರು ಹುಗ್ಗಿ ಮಾಡಿದ್ದಕ್ಕೆ ನಿಮಗ್ಯಾಕೆ?"

"ಅಡಗಿ ಮನಿ ನಮ್ಮದಲ್ರಿ." ಆಮೇಲೆ ದನಿ ತಗ್ಗಿಸಿದರು. "ಹೊರಗಿನವರು ಅಂದ್ರ… ನಿಮಗ ಗೊತ್ತಿರೋದಿಲ್ಲ. ಹಿಂದಕ ಒಬ್ಬರು ಹಿಂಗ ಹೊರಗಿಂದ ಕರಿಸಿದ್ರು. ಸಾರು ಹಳಸಿ, ಬೀಗರು ಎಲಿ ಬಿಟ್ಟು ಎದ್ದು…" ಮಾತನ್ನು ಅಲ್ಲಿಗೇ ನಿಲ್ಲಿಸಿ ಬಸವಣ್ಣನವರ ಫೋಟೋ ನೋಡಿ ಕಣ್ಣು ಮುಚ್ಚಿದರು. ಪರದೆ ತುಂಬ ಎಚ್ಚರಿಕೆ ತೋರಿಸೋದು ಅಂದರೆ ಇದೇ. ಇದಕ್ಕೆ ಆ್ಯಪಲ್‌ನವರು ಸುಮ್ನೆ ಅಷ್ಟೊಂದು ಎಂಜಿನಿಯರುಗಳನ್ನು ಇಟ್ಟುಕೊಂಡಿದ್ದಾರೆ.

ನನಗೂ ಬೆಳಗಿನ ಆವೇಶ ಇನ್ನೂ ಇಳಿದಿರಲಿಲ್ಲ. ಕ್ಯಾಲಿಫೋರ್ನಿಯಾ ತೀರ್ಪನ್ನು ಅವರ ಮುಂದೆ ಬಿಚ್ಚಿಟ್ಟೆ. ಮಾಲು ಇನ್ನೊಬ್ಬರದು, ಗಿರಾಕಿ ಇನ್ನೊಬ್ಬರ ಹತ್ತಿರ ಕೊಂಡ, ನಡುವೆ ಅಂಗಡಿಯವನಿಗೇನು? ಬೆಳಗ್ಗೆ ನೀವೇ ಲೂಟಿ ಅಂದಿರಲ್ಲ?

ಸಾಹುಕಾರ್ರು ನೊಂದುಕೊಂಡರು. "ಅದು ಬ್ಯಾರೆ, ಇದು ಬ್ಯಾರೆ. ಅವಂದು ಬರೇ ಫೋನ್ಯಾಗಿನ ಅಂಗಡಿ. ನಂದು ಇಟ್ಟಂಗಿ, ಸಿಮೆಂಟು, ಕಡಪಾ ಕಲ್ಲು ಹಾಕಿ ಕಟ್ಟಿದ್ದು." ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ಒತ್ತಿದರು. "ಹೋಗ್ಲಿ, ನೀವು ದಿನಾ ಭೆಟ್ಟಿ ಆಗವರು. ಮೂವತ್ತು ಬ್ಯಾಡ. ಇಪ್ಪತ್ತೇಳು ಕೊಡ್ರಿ."

ಆ ಅಂಕಿಯನ್ನು ಬೆಳಗ್ಗೆ ಅವರಿಗೆ ಹೇಳಿಕೊಟ್ಟವನು ನಾನೇ. 600 ಎಲೆಗೆ 16,200 ರೂಪಾಯಿ ಆಯಿತು. 1,800 ಉಳಿಯಿತು ಅಂತ ಅಕ್ಕ ಖುಷಿಪಟ್ಟಳು.

ಮರುದಿನ ಕಟ್ಟೆಯಲ್ಲಿ ಇದನ್ನು ಹೇಳಿದರೆ ಮಾಮಾ ಒಬ್ಬರೇ ನಕ್ಕದ್ದು. "ಪ್ಲಾಟ್‌ಫಾರ್ಮ್ ನಮ್ಮದು, ಅದಕ್ಕ ಮೂವತ್ತು ಅಂತಾನಲ್ಲ ಆ ಟಿಮ್. ಪ್ಲಾಟ್‌ಫಾರ್ಮ್ ಅಂದ್ರ ನಮ್ಮ ಹುಬ್ಬಳ್ಳಿ ರೈಲ್ವೆ ಸ್ಟೇಷನ್ದು. 1,507 ಮೀಟರ್, ಜಗತ್ತಿನಾಗ ಅಷ್ಟು ಉದ್ದಂದು ಎಲ್ಲೂ ಇಲ್ಲ. ಟಿಕೆಟ್ ಹತ್ತು ರೂಪಾಯಿ. ಬೇಕಾದಷ್ಟು ಅಡ್ಡಾಡು, ಯಾರೂ ಪರ್ಸೆಂಟ್ ಕೇಳೂದಿಲ್ಲ."

ಪೇಡೆಯ ಬಗ್ಗೆಯೂ ಅವರಿಗೆ ಒಂದು ತಕರಾರಿತ್ತು. ತೀರ್ಪು ಬಂದ ದಿನ ಸಿಹಿ ಹಂಚಬಾರದು ಅಂತ. 2018ರ ಆಗಸ್ಟ್ 14ಕ್ಕೆ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂದಾಗ ಮಾಮಾ ತಮ್ಮ ಪಿಂಚಣಿಯಲ್ಲಿ ಎರಡು ಕೆಜಿ ತಂದು ಹಂಚಿದ್ದರು. ಅದರಲ್ಲಿ ಕಳಸಾ-ಬಂಡೂರಿ ಪಾಲು 3.9 ಟಿಎಂಸಿ. ಪೇಡೆ ಅವತ್ತೇ ಮುಗಿಯಿತು. ನೀರು ಇನ್ನೂ ಬರಬೇಕು. ಮಾಮಾ ಮನೆಯಲ್ಲಿ ಅವತ್ತು ತೊಳೆದಿಟ್ಟ ಡ್ರಮ್ಮು ಹಾಗೇ ಇದೆ, ಅದರಲ್ಲಿ ಮೊಮ್ಮಗ ಕ್ರಿಕೆಟ್ ಬ್ಯಾಟು ಇಡುತ್ತಾನೆ.

ಆ್ಯಪಲ್ ಕೂಡ ಮೇಲಿನ ಕೋರ್ಟಿಗೆ ಹೋಗುತ್ತೇವೆ ಅಂದಿತು. ನಮ್ಮ ಕಟ್ಟೆಗೆ ಆ ಸುದ್ದಿ ಬರಲಿಲ್ಲ. ಪೇಡೆ ಇಲ್ಲದ ಸುದ್ದಿ ಅಲ್ಲಿಗೆ ಬರುವುದಿಲ್ಲ.

ಜುಲೈ ಬಂತು. ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆ ನೋಟಿಸು ಕಳಿಸಿತು. ವರ್ಷಕ್ಕೆ 40 ಲಕ್ಷ ದಾಟಿದ ಅಂಗಡಿಗಳಿಗೆ ಅಂದರು, ಆದರೆ ಹೆದರಿದ್ದು ನಾಲ್ಕು ಲಕ್ಷದವರೂ. ಊರ ತುಂಬ ಕ್ಯೂಆರ್ ಕೋಡ್‌ಗಳು ಗೋಡೆಗೆ ಮುಖ ಮಾಡಿ ನಿಂತವು. ನಮ್ಮ ಚಹಾದಂಗಡಿಯವನೂ ತನ್ನದರ ಮೇಲೆ ಹಳೆ ಲಗ್ನಪತ್ರಿಕೆ ಅಂಟಿಸಿ, ಅದರ ಬೆನ್ನಿಗೆ ಸ್ಕೆಚ್ ಪೆನ್ನಿನಿಂದ 'ನಗದು ಮಾತ್ರ' ಅಂತ ಬರೆದ.

ಅವತ್ತು ಐದು ಚಹಾ ಆಗಿತ್ತು. ಹಣ ಕೊಡೋ ಪಾಳಿ ಸಾಹುಕಾರ್ರದು. ಅವರು ಎರಡೂ ಜೇಬು ತಡವಿದರು. ಮಂಟಪದ ವ್ಯವಹಾರ ಎಲ್ಲ ನಗದು, ಆದರೆ ಆ ನಗದು ಅವರ ಜೇಬಲ್ಲಿ ಇರುವುದಿಲ್ಲ.

"ಫೋನ್‌ಪೇ ಮಾಡ್ತೀನಿ ತಗೋ."

ಅಂಗಡಿಯವನು ಹಾಲು ಕುದಿಯೋದನ್ನೇ ನೋಡುತ್ತಾ ಅಂದ. "ಮಾಡ್ರಿ ಸಾಹುಕಾರ್ರ, ನಾ ಬ್ಯಾಡ ಅಂತೀನೇನು? ಕಪ್ಪಿಗೆ ಎರಡು ರೂಪಾಯಿ ಜಾಸ್ತಿ ಆಕ್ಕೈತಿ."

"ಯಾಕಲೇ?"

"ನೋಟಿಸ್ ಬಂದ್ರ ನಾ ಹೊಣೆ ಅಲ್ರಿ ಮತ್ತ. ಫೋನ್‌ಪೇ ಅಂದ್ರ… ನಿಮಗ ಗೊತ್ತಿರೋದಿಲ್ಲ. ಹಾವೇರ್ಯಾಗ ಒಬ್ಬವಗ ಹಿಂಗ…" ಅಂತ ಮಾತು ಅರ್ಧಕ್ಕೆ ಬಿಟ್ಟು ಸಿದ್ಧಾರೂಢರ ಫೋಟೋ ಕಡೆ ನೋಡಿದ.

ಹತ್ತಕ್ಕೆ ಎರಡು. ನೂರಕ್ಕೆ 20. ತಮ್ಮನ ಮಗ ಬಾಯಿ ತೆರೆದ, ನಾನು ಅವನ ಕಾಲು ತುಳಿದೆ. ಕಾಕಾ ಅಂಗಡಿಯವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಮನೆಗೆ ಬಂದ ಅಳಿಯನನ್ನು ನೋಡಿದ ಹಾಗೆ.

ಸಾಹುಕಾರ್ರು ಮಾತ್ರ ಕಿಡಿಕಿಡಿಯಾದರು. "ಇದೇನ್ ಲೂಟಿ! ನನ್ನ ಫೋನು, ನನ್ನ ಬ್ಯಾಂಕು, ನನ್ನ ರೊಕ್ಕ. ನಡುವ ಇವಂಗ ಯಾಕ ಎರಡು ರೂಪಾಯಿ?" ಆಮೇಲೆ ಮಾಮಾನ ಕಡೆ ತಿರುಗಿ, "ಮಾಮಾರ, ಇದಕ್ಕ ಯಾವ ಕೋರ್ಟಿಗೆ ಹೋಗಬೇಕ್ರಿ?" ಅಂತ ಕೇಳಿದರು.

ಮಾಮಾ ಟೋಸ್ಟನ್ನು ಚಹಾದಲ್ಲಿ ಅದ್ದಿದ್ದರು. ಅದು ಮುರಿದು ಒಳಗೆ ಬಿತ್ತು. ಚಮಚ ಕೇಳಿದರು. ಅಂಗಡಿಯವನು ಚಮಚಕ್ಕೆ ಏನೂ ಹಿಡಿಯಲಿಲ್ಲ.